ಎಲ್ಲರಾದ ಮೇಲೆ ನಕ್ಕವಳು

ಇಷ್ಟಕ್ಕೆಲ್ಲ ಕಾರಣ ಕಂಪನಿಯ ಚರಿತ್ರೆ. ಸಿನಿಮಾ, ಧಾರಾವಾಹಿ ತೆಗೆಯುವ ಆ ಕಂಪನಿಯನ್ನು ಹೊಸದಾಗಿ ಕೊಂಡವರಿಗೆ ತಾವು ಕೊಂಡದ್ದೇನೆಂದೇ ಗೊತ್ತಿರಲಿಲ್ಲ. ಕಂಪನಿ ಬೆಳೆದು ಬಂದ ಕತೆಯನ್ನು ಒಂದು ಸಣ್ಣ ಚಿತ್ರ ಮಾಡಿಸಿ ತಿಳಿದುಕೊಳ್ಳಲು ಹೊರಟರು. ಅದಕ್ಕೆ ಕಂಪನಿಯ ಮೊದಲ ಹಾಸ್ಯ ಧಾರಾವಾಹಿಯಲ್ಲಿ ಜೋಕಿಗೊಮ್ಮೆ ಹಿನ್ನೆಲೆಯಲ್ಲಿ ಕೇಳಿಸುತ್ತಿದ್ದ ನಗು ಬೇಕಾಯಿತು. ನಿವೃತ್ತನಾಗಿ ಮನೆ ಸೇರಿದ್ದ ಎಡಿಟರ್ ಕತ್ತರಿ ಮಾಮನಿಗೆ ಫೋನು ಹೋಯಿತು.

ಮಾಮ ಶರ್ಟಿನ ಗುಂಡಿ ಮೇಲೆಕೆಳಗೆ ಹಾಕಿಕೊಂಡೇ ಓಡಿ ಬಂದ. ಬಾರದೆ ಏನು? ಆ ಧಾರಾವಾಹಿ ತೆಗೆದಾಗ ದುಡ್ಡು ಕೊಟ್ಟು ಜನರನ್ನು ನಗಿಸುವ ಯೋಗ್ಯತೆ ಕಂಪನಿಗಿರಲಿಲ್ಲ. ನೌಕರರ ಹೆಂಡತಿಯರನ್ನೇ ಕೂರಿಸಿ, ಟೀ ಕುಡಿಸಿ, ನಗು ರೆಕಾರ್ಡ್ ಮಾಡಿದ್ದರು. ಆಮೇಲೆ ಸ್ಥಾಪಕರು ಹೋಗಿ ಮಗ ಬಂದ, ಮಗ ಹೋಗಿ ಅಳಿಯ ಬಂದ, ಅಳಿಯ ಚಾನೆಲ್ಲಿಗೆ ಮಾರಿದ, ಚಾನೆಲ್ಲು ಇವರಿಗೆ ಮಾರಿತು. ಬೋರ್ಡು ಬದಲಾಯಿತು, ಕುರ್ಚಿ ಬದಲಾಯಿತು, ನಗು ಮಾತ್ರ ಅದೇ. ಆ ನಗುವಿನೊಳಗೆ ಮಾಮನ ಹೆಂಡತಿಯೂ ಇದ್ದಳು. ಹೋದ ವರ್ಷ ತೀರಿಕೊಂಡಳು. ಮನೆಯಲ್ಲಿ ಫೋಟೋ ರಾಶಿ ಇದೆ. ದನಿ ಒಂದು ಚೂರೂ ಇಲ್ಲ.

"ನಮ್ಮವಳ ನಗು ಕಂಡುಹಿಡಿಯೋದು ಸುಲಭ ಕಣಮ್ಮ," ಎಂದ ರಿಸೆಪ್ಶನ್ ಹುಡುಗಿಗೆ. "ಜೋಕು ತಲೆಗೆ ಹತ್ತೋದೇ ನಿಧಾನ. ಎಲ್ರೂ ನಕ್ಕು ಮುಗಿಸಿದ್ಮೇಲೆ ಒಬ್ಳೇ ಕಿಸಕ್ ಅಂತಿದ್ಳು."

"ಮಾಮ, ಮೊದ್ಲು ಗುಂಡಿ ಸರಿಮಾಡ್ಕೊಳ್ಳಿ."

ಆ ನಗುವಿನ ಟೇಪು ಸಿಕ್ಕಿದ್ದು ಕ್ಯಾಂಟೀನಿನಲ್ಲಿ, ಕುಂಟುವ ಮೇಜಿನ ಕಾಲಡಿ. ಎಳೆದದ್ದೇ ತಡ, ಮೇಜು ವಾಲಿ ಅಕೌಂಟೆಂಟ್ ಮಡಿಲಿಗೆ ಬಿಸಿ ಟೀ ಸುರಿಯಿತು.

"ನಿಮ್ ಚರಿತ್ರೆಗಿಷ್ಟು ಬೆಂಕಿ ಹಾಕ!" ಎಂದು ಅವನು ಕುಣಿದ.

ಟೇಪು ಓಡಿಸುವ ಯಂತ್ರ ಸ್ಥಾಪಕರ ಫೋಟೋ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿತ್ತು. ಬೀಗದ ಕೈ ಯಾವ ಮಾಲೀಕರ ಕಾಲದಲ್ಲಿ ಕಳೆದಿತ್ತೋ! "ನಾನೂ ನೋಡಿಲ್ಲ, ನೀವೂ ನೋಡಿಲ್ಲ," ಎಂದು ವಾಚ್‌ಮನ್ ಸ್ಕ್ರೂಡ್ರೈವರ್ ಹಾಕಿ ಮೀಟಿದ. ಯಂತ್ರದ ಬೆಲ್ಟು ಮುಟ್ಟಿದರೆ ಒಣ ಎಲೆಯಂತೆ ಪುಡಿಯಾಯಿತು. ಹುಡುಗಿ ಜಡೆಯ ರಬ್ಬರ್ ಬ್ಯಾಂಡ್ ಬಿಚ್ಚಿ ಕೊಟ್ಟಳು. ಓಡಿಸಿದರೆ ನಗು ಎಮ್ಮೆ ಆಕಳಿಸಿದಂತೆ ಬಂತು. ಎರಡು ಸುತ್ತು ಬಿಗಿದರೆ ಅಳಿಲುಗಳ ಜಗಳ. ಕೊನೆಗೆ ಒದ್ದೆ ಪ್ಯಾಂಟಿನ ಅಕೌಂಟೆಂಟೇ, "ಗಂಟು ಹಾಕಿ ಗಿಡ್ಡ ಮಾಡ್ರೀ, ಅಷ್ಟೂ ಗೊತ್ತಾಗಲ್ವಾ?" ಎಂದ. ಸರಿಹೋಯಿತು.

ನಗು ಬಂತು. ಕೋಣೆ ತುಂಬ ಹೆಂಗಸರ ನಗು. ಮಾಮ ಕಣ್ಣು ಮುಚ್ಚಿ ಬೆರಳೆತ್ತಿದ. "ಈಗ ನೋಡಿ, ಬರ್ತಾಳೆ."

ನಗು ಇಳಿಯಿತು. ಟಕ್. ಮುಂದಿನ ನಗು ಶುರು.

"ಇಲ್ಲಿ ಬರ್ತಾಳೆ." ಟಕ್.

ಟೇಪು ಮುಗಿಯುವ ತನಕ ಹೀಗೇ.

ಸೌಂಡ್ ಇಂಜಿನಿಯರ್ ಟೇಪನ್ನು ಬೆಳಕಿಗೆ ಹಿಡಿದ. "ಅಬ್ಬಾ, ಎಂಥಾ ಕೈ! ಒಂದೊಂದು ನಗು ಮುಗಿಯೋ ಕಡೆನೂ ಕತ್ತರಿಸಿ ಅಂಟಿಸಿದ್ದಾರೆ. ಅಂಟು ಇವತ್ತಿಗೂ ಬಿಟ್ಟಿಲ್ಲ. ಯಾರ ಕೆಲಸ ಮಾಮ ಇದು?"

ಮಾಮ ತಲೆಯೆತ್ತಿ ಸ್ಥಾಪಕರ ಫೋಟೋ ನೋಡಿದ. ಅಂದು ಅವರೇ ಹೇಳಿದ್ದರು: 'ಯಾರಯ್ಯಾ ಅದು, ಎಲ್ಲಾರಾದ್ಮೇಲೆ ನಗೋದು? ತೆಗಿ ಅದನ್ನ.' ಆಗಿನ್ನೂ ಹೊಸ ಕೆಲಸ. ನನ್ನ ಹೆಂಡತಿ ಎನ್ನಲು ನಾಚಿಕೆ. ಕೂತು, ಒಂದನ್ನೂ ಬಿಡದೆ ತೆಗೆದಿದ್ದ. ಮನೆಗೆ ಹೋದರೆ ಅವಳು, "ನನ್ ನಗು ಬಂತೇನ್ರೀ?" ಎಂದಿದ್ದಳು. "ಚೆನ್ನಾಗಿ ಬಂತು," ಎಂದಿದ್ದ. ಅವಳು ಕೇಳಿದಾಗಲೆಲ್ಲ ಅದನ್ನೇ ಹೇಳಿ ಹೇಳಿ, ಕೊನೆಗೆ ತಾನೂ ನಂಬಿಬಿಟ್ಟಿದ್ದ.

"ಹಳೇದ್ರಲ್ಲಿ ಬರೀ ಕರಕರ," ಎಂದ ಹೊಸ ಮಾಲೀಕರ ಮ್ಯಾನೇಜರ್. "ಹೊಸದೇ ಮಾಡೋಣ. ಮೈಕ್ ಹಿಡೀರಿ. ಎಲ್ಲಾ ನಗ್ರಪ್ಪಾ!"

ಅಕೌಂಟೆಂಟ್ ಪ್ಯಾಂಟು ನೋಡಿ ಎಲ್ಲರೂ ನಕ್ಕರು. ನಕ್ಕು ಸುಮ್ಮನಾದರು. ಆಮೇಲೆ ಮಾಮನ ಗಂಟಲಿನಿಂದ ಒಂದು ಸದ್ದು ಬಂತು, ನಗುವೋ ಅಳುವೋ.

"ಚೆನ್ನಾಗಿ ಬಂತು," ಎಂದ ಮ್ಯಾನೇಜರ್. "ಕೊನೇದೊಂದು ಕತ್ತರಿಸಿಬಿಡಿ."