ನಿಂಗಮ್ಮಕ್ಕನ ಮೂರನೇ ಅಂಶ

ವಾದ ಮಾಡುವುದನ್ನು ಕಲಿತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಯಾರು ಏನೇ ಹೇಳಲಿ, ಅದು ಸರಿಯೋ ತಪ್ಪೋ ಎಂದು ಯೋಚಿಸುವ ಮೊದಲೇ ಅದಕ್ಕೆ ಎದುರಾಗಿ ಏನಾದರೂ ಹೇಳಲು ನಾಲಿಗೆ ತುರಿಸತೊಡಗುತ್ತದೆ. ನನಗೆ ಇದು ಅಂಟಿದ್ದು ಹೊಸಪೇಟೆಯ ಕಾಲೇಜಿನಲ್ಲಿ. ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ನಾಣ್ಯ ಚಿಮ್ಮಿ ಪರವೋ ವಿರೋಧವೋ ಎಂದು ತೀರ್ಮಾನಿಸುತ್ತಿದ್ದರು. ಪರವಾಗಿ ಗಂಟಲು ಹರಿಯುವಂತೆ ಮಾತಾಡಿ ಇನ್ನೇನು ಕೂರಬೇಕು, ಅಷ್ಟರಲ್ಲಿ "ಈಗ ಅದನ್ನೇ ಹರಿದು ಹಾಕು" ಎನ್ನುತ್ತಿದ್ದರು. ಎದುರಾಳಿಯ ವಾದವನ್ನು ಎದುರಾಳಿಗಿಂತ ಚೆನ್ನಾಗಿ ಮಂಡಿಸಲು ಬಾರದವನು ತನ್ನ ವಾದಕ್ಕೂ ಲಾಯಕ್ಕಲ್ಲ ಎಂಬುದು ಅವರ ಸಿದ್ಧಾಂತ. ಆ ಸಿದ್ಧಾಂತದಿಂದ ನಾನು ಗೆದ್ದ ಕಪ್ಪುಗಳು ನಮ್ಮ ಮನೆಯ ಗೂಡಿನಲ್ಲಿ ಸಾಲಾಗಿವೆ. ಅವುಗಳಲ್ಲಿ ದೊಡ್ಡದರಲ್ಲಿ ಅವ್ವ ಊದುಬತ್ತಿ ಇಡುತ್ತಾಳೆ. ಮನೆಯೊಳಗೆ ಮಾತ್ರ ಈ ವಿದ್ಯೆ ಎಂದೂ ನಡೆಯಲಿಲ್ಲ. ಒಮ್ಮೆ ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂಬುದನ್ನು ಮೂರು ಅಂಶಗಳಲ್ಲಿ ಸಾಧಿಸಿ ತೋರಿಸಿದೆ. ಅವ್ವ ಒಂದನ್ನೂ ಖಂಡಿಸಲಿಲ್ಲ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಮ್ಮೂರು ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿದೆ. ಕಾಲುವೆ ನೀರಿನ ಊರು. ಊರ ಅಂಚಿಗೆ ಪಂಚಾಯ್ತಿಯ ದೊಡ್ಡ ಕಣವೊಂದಿದೆ. ಸುಗ್ಗಿಯಲ್ಲಿ ಅಲ್ಲಿ ಭತ್ತ ಒಣಹಾಕುತ್ತೇವೆ. ಉಳಿದ ದಿನ ಹುಡುಗರು ಕ್ರಿಕೆಟ್ ಆಡುತ್ತಾರೆ, ಎಮ್ಮೆಗಳು ಅಂಪೈರ್ ಕೆಲಸ ನೋಡಿಕೊಳ್ಳುತ್ತವೆ. ಈ ಕಣವನ್ನು ಸೈಟು ಮಾಡಿ ಮನೆಯಿಲ್ಲದವರಿಗೆ ಹಂಚಬೇಕೆಂದು ಪಂಚಾಯ್ತಿಯಲ್ಲಿ ಮಾತು ಎದ್ದಿತು. ಗದ್ದೆಯಿದ್ದವರಿಗೆ ಸಿಟ್ಟು ಬಂತು. ಭತ್ತವನ್ನು ಟಾರು ರಸ್ತೆಯ ಮೇಲೆ ಒಣಗಿಸಿ ಲಾರಿಗಳ ಕೈಯಲ್ಲಿ ಅಕ್ಕಿ ಮಾಡಿಸಬೇಕೇ ಎಂದು ಕೇಳಿದರು. ಸಿಟ್ಟನ್ನು ಕಾಗದದ ಮೇಲೆ ಇಳಿಸುವವನೊಬ್ಬ ಬೇಕಾಗಿತ್ತು. ನಮ್ಮಪ್ಪನ ಚಿಕ್ಕಪ್ಪನ ಮಗ ಬಸಣ್ಣ ಕಾಕಾ, ಗದ್ದೆಯಲ್ಲದೆ ಸಾಲಾಗಿ ಬಾಡಿಗೆ ಮನೆಗಳನ್ನೂ ಉಳ್ಳವರು, ನನ್ನನ್ನು ಹುಡುಕಿಕೊಂಡು ಬಂದರು. "ಲೇ, ಮನಿಯಾಗ ಕುಂತು ಅಷ್ಟು ಮಾತಾಡ್ತೀಯಲ್ಲ, ಊರಿಗೂ ಒಂದೀಟು ಉಪಯೋಗ ಆಗು" ಎಂದರು.

ನಾನು ಉಪಯೋಗವಾದೆ. ಸುಮ್ಮನೆ ಬೇಡ ಎಂದರೆ ಸ್ವಾರ್ಥ ಕಾಣುತ್ತದೆ. ಅದಕ್ಕೇ, ಊರಿನ ಪ್ರತಿಯೊಬ್ಬರೂ ಚೀಟಿ ಹಾಕಿ ಬೇಕೋ ಬೇಡವೋ ಹೇಳಲಿ, ಅಲ್ಲಿಯವರೆಗೆ ಕಣ ಮುಟ್ಟಬಾರದು ಎಂದು ಅರ್ಜಿ ಬರೆದೆ. ಪಂಚಾಯ್ತಿಯ ಪಿಡಿಓ ಸಾಹೇಬರು ಓದಿ, ಹಾಗೆ ಊರಿಗೆ ಊರೇ ಚೀಟಿ ಹಾಕಿಸಲು ತಮಗೆ ಅಧಿಕಾರವಿಲ್ಲ, ಸಹಿ ಬಂದರೆ ಗ್ರಾಮಸಭೆಯಲ್ಲಿ ವಿಷಯ ಇಡುತ್ತೇನೆ ಎಂದರು. ಅರ್ಜಿಯಲ್ಲಿ ನಾನು ಕೊಟ್ಟ ಕಾರಣಗಳು ಘನವಾಗಿದ್ದವು: ಭತ್ತ, ಮುಂದಿನ ಪೀಳಿಗೆ, ಸೈಟುಗಳು ಮನೆಯಿಲ್ಲದವರಿಗೆ ಸಿಗದೆ ಮನೆಯಿದ್ದವರ ಅಳಿಯಂದಿರಿಗೆ ಸಿಗುವ ಅಪಾಯ. ಬರೆಯದೆ ಬಿಟ್ಟ ಕಾರಣವೂ ಒಂದಿತ್ತು. ಕಣ ಇರುವುದು ನಮ್ಮ ಮನೆಯ ಎದುರಿಗೆ. ಸಂಜೆ ನಮ್ಮ ಮಾಳಿಗೆಗೆ ಬರುವ ಗಾಳಿ ಅದನ್ನು ದಾಟಿಯೇ ಬರಬೇಕು. ಚರ್ಚೆಯಲ್ಲಿ ಇಂಥ ಅಂಶಗಳನ್ನು ಎತ್ತುವ ವಾಡಿಕೆ ಇಲ್ಲ.

ಸಹಿಗೆ ಹೊರಟಾಗ ಕಾಕಾ ಜೊತೆಗೆ ಬಂದರು. ಒಬ್ಬರೂ ಅರ್ಜಿ ಓದಲಿಲ್ಲ. ಒಬ್ಬ ಅಜ್ಜ ಸಹಿ ಹಾಕಿ, ಪೆನ್ನು ವಾಪಸು ಕೊಡುತ್ತ, ಇದು ಯಾತರದು ಎಂದು ಕೇಳಿದ. ಇಂಥ ಸಹಿಗಳ ಬೆಲೆ ಎಷ್ಟೆಂದು ನಾನು ವೇದಿಕೆಗಳ ಮೇಲೆ ಎಷ್ಟೋ ಸಲ ನಗಾಡಿದ್ದೇನೆ. ಆದರೆ ಅವು ನಮ್ಮ ಹಾಳೆಯ ಮೇಲೆಯೇ ಬೀಳತೊಡಗಿದಾಗ ಬೆಲೆ ತಾನಾಗಿ ಏರುತ್ತದೆ.

ಮೊದಲ ಸಹಿ ನಿಂಗಮ್ಮಕ್ಕನದು. ಅವಳು ರೈಸ್ ಮಿಲ್ಲಿಗೆ ಕೂಲಿಗೆ ಹೋಗುತ್ತಾಳೆ, ರಜೆಯ ದಿನ ಅವ್ವನ ಜೊತೆ ಅಕ್ಕಿ ಹಸನು ಮಾಡಲು ನಮ್ಮ ಮನೆಗೆ ಬರುತ್ತಾಳೆ. ಕಾಕಾನ ಬಾಡಿಗೆ ಸಾಲಿನಲ್ಲಿ ಮೊದಲ ಕೋಣೆ ಅವಳದು. ನಾನು ಕಂಡಂತೆ ಅದು ಅವಳ ನಾಲ್ಕನೇ ಮನೆ. ಪ್ರತಿ ಸಲವೂ ಒಂದು ತಗಡಿನ ಟ್ರಂಕು, ಎರಡು ಕೊಡ, ಕಟ್ಟು ಹಾಕಿಸಿದ ಒಂದು ದೇವರ ಫೋಟೋ ತಳ್ಳುಗಾಡಿ ಏರುತ್ತವೆ, ಮಗಳು ಹಿಂದಿನಿಂದ ಗಾಡಿ ನೂಕುತ್ತಾಳೆ. ಕಾಕಾ ತಮ್ಮ ಮಗನ ಮದುವೆಯಿದೆ, ದೀಪಾವಳಿ ಆದಮೇಲೆ ಕೋಣೆ ಬಿಡಬೇಕು ಎಂದು ಆಗಲೇ ಹೇಳಿದ್ದರು. ಕಣದಲ್ಲಿ ಸೈಟು ಎದ್ದರೆ ಮೊದಲು ಬೇಕಾದದ್ದು ಅವಳಿಗೆ. ಇದೆಲ್ಲ ನನಗೆ ಗೊತ್ತಿತ್ತು, ಕಂಪ್ಲಿ ಬಸ್ಸಿನ ವೇಳೆ ಗೊತ್ತಿರುವ ಹಾಗೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಮಹಿಳಾ ಸಂಘದಲ್ಲಿ ಕಲಿತ ಸಹಿಯನ್ನು ಅರ್ಧ ಬರೆದು, ಸ್ವಲ್ಪ ತಡೆದು, ಉಳಿದರ್ಧ ಬರೆದಳು. ಬೀದಿಗೆ ಬಂದಮೇಲೆ ಕಾಕಾ, "ನೋಡು, ಬಡವ್ರೂ ನಮ್ಮ ಕಡೀಗೇ ಅದಾರ" ಎಂದರು. ನಾನು ಅದನ್ನು ನಾಲ್ಕನೇ ಅಂಶವೆಂದು ಟಿಪ್ಪಣಿ ಮಾಡಿಕೊಂಡೆ.

ಸಭೆಗೆ ಎರಡು ದಿನ ಇದ್ದಾಗ ಪಡಸಾಲೆಯಲ್ಲಿ ತಾಲೀಮು ಶುರುಮಾಡಿದೆ. ಕೇಳುಗರು ಇಬ್ಬರು, ಮೊರ ಹಿಡಿದು ಕೂತ ಅವ್ವ ಮತ್ತು ನಿಂಗಮ್ಮಕ್ಕ. ನನ್ನ ಭಾಷಣ ಮುಗಿಯಿತು. ಆಮೇಲೆ ಮೇಷ್ಟ್ರ ಸಿದ್ಧಾಂತದಂತೆ ಎದುರಾಳಿಯಾಗಿ ನಿಂತೆ. ಎದುರಾಳಿಯಾದಾಗ ನಾನು ಯಾವಾಗಲೂ ಸ್ವಲ್ಪ ಹೆಚ್ಚೇ ಮಿಂಚುತ್ತೇನೆ. ಭತ್ತಕ್ಕೆ ಜಾಗ ಬೇಕಾಗುವುದು ವರ್ಷಕ್ಕೆ ಎರಡು ಸಲ, ಮನುಷ್ಯನಿಗೆ ದಿನವೂ ಬೇಕು ಎಂದೆ. ಬೇಡ ಎನ್ನುವವರೆಲ್ಲ ತಮ್ಮ ತಮ್ಮ ಮಾಳಿಗೆಯ ಮೇಲೆ ನಿಂತು ಬೇಡ ಎನ್ನುತ್ತಿದ್ದಾರೆ, ಆ ಮಾಳಿಗೆಯ ಮೇಲೂ ಭತ್ತ ಒಣಗುತ್ತದೆ ಎಂದೆ. ಅಳಿಯಂದಿರ ಭಯವಿದ್ದರೆ ಎಲ್ಲರೆದುರಿಗೆ ಚೀಟಿ ಎತ್ತಿ ಹಂಚಲಿ ಎಂದು ಮುಗಿಸಿದೆ. ಅವ್ವ ಮೊರ ಕೆಳಗಿಟ್ಟಳು. "ಈಗಷ್ಟ ಬ್ಯಾಡ ಅಂದಿ, ಈಗ ಬೇಕು ಅಂತಿ. ಯಾವುದು ಖರೇ?" ಎಂದಳು. ಖರೆ ಸುಳ್ಳಿನ ಪ್ರಶ್ನೆಯೇ ಅಲ್ಲ, ಇದು ಅಭ್ಯಾಸ ಎಂದು ವಿವರಿಸಿದೆ. ನಿಂಗಮ್ಮಕ್ಕ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ, "ತಮ್ಮ, ಆ ಎರಡನೇ ಭಾಷಣ ಇನ್ನೊಮ್ಮೆ ಹೇಳು" ಎಂದಳು. ಕೇಳಿ ಕೇಳಿ ಹೇಳಿಸಿಕೊಳ್ಳುವ ಶ್ರೋತೃ ನನಗೆ ಮನೆಯಲ್ಲಿ ಸಿಕ್ಕಿದ್ದು ಅದೇ ಮೊದಲು. ಹಿಗ್ಗಿ, ನಿಧಾನವಾಗಿ, ಒಂದೊಂದು ಅಂಶಕ್ಕೂ ಒಂದೊಂದು ಬೆರಳು ಮಡಚುತ್ತ ಮತ್ತೆ ಹೇಳಿದೆ.

ಗ್ರಾಮಸಭೆ ಪಂಚಾಯ್ತಿ ಕಟ್ಟಡದ ಮುಂದೆ, ಶಾಮಿಯಾನದ ಕೆಳಗೆ ಸೇರಿತು. ನಾನು ಚೆನ್ನಾಗಿಯೇ ಮಾತಾಡಿದೆ. ನಾಲ್ಕನೇ ಅಂಶಕ್ಕೆ ಬಂದು, ಮನೆಯಿಲ್ಲದವರೂ ನಮ್ಮ ಅರ್ಜಿಗೆ ಸಹಿ ಹಾಕಿದ್ದಾರೆ ಎಂದಾಗ ಕಾಕಾನ ಚಪ್ಪಾಳೆ ಎಲ್ಲರಿಗಿಂತ ಮೊದಲು ಎದ್ದಿತು. ಬೇರೆ ಯಾರಾದರೂ ಮಾತಾಡುವವರಿದ್ದೀರಾ ಎಂದು ಪಿಡಿಓ ಕೇಳಿದರು. ಕೇಳುವುದು ಅವರ ಕರ್ತವ್ಯ, ಸುಮ್ಮನಿರುವುದು ನಮ್ಮೂರಿನ ಪದ್ಧತಿ. ಹೆಂಗಸರ ಸಾಲಿನ ಹಿಂದಿನಿಂದ ನಿಂಗಮ್ಮಕ್ಕ ಎದ್ದಳು.

"ನಾ ಭಾಳ ಮಾತಾಡಾಕಿ ಅಲ್ರಿ" ಎಂದು ಶುರುಮಾಡಿ ಒಂದು ಬೆರಳು ಮಡಚಿದಳು. ಭತ್ತಕ್ಕೆ ವರ್ಷಕ್ಕೆರಡು ಸಲ, ಮನುಷ್ಯರಿಗೆ ದಿನಾ ಎಂದಳು. ಇನ್ನೊಂದು ಬೆರಳು ಮಡಚಿದಳು. ಮಾಳಿಗೆಯ ಮಾತು ಬಂತು, ಜನ ನಕ್ಕರು, ಕೆಲವರು ತಿರುಗಿ ನಮ್ಮ ಮಾಳಿಗೆಯ ಕಡೆಗೇ ನೋಡಿದರು. ಆ ನಗು ಎಲ್ಲಿ ಬರಬೇಕೆಂದು ನಾನೇ ಲೆಕ್ಕ ಹಾಕಿ ಇಟ್ಟಿದ್ದೆ, ಅಲ್ಲಿಯೇ ಬಂತು. ಮೂರನೇ ಬೆರಳಿಗೆ ಬಂದು ತಡೆದಳು. ನಾನು, ದೇವರಾಣೆ, ಕೂತಲ್ಲಿಂದಲೇ ತುಟಿಯಾಡಿಸಿ 'ಚೀಟಿ' ಎಂದು ನೆನಪಿಸಲು ಹೋದೆ.

"ಮೂರನೇದು ಮರ್ತೀನ್ರಿ" ಎಂದಳು. "ನಂದೊಂದು ಐತಿ, ಅದನ್ನ ಹೇಳ್ತೀನಿ. ನಾಕು ಮನಿ ಬದ್ಲಿ ಮಾಡೀನಿ. ದೇವರ ಫೋಟೋ ಇನ್ನೂ ಟ್ರಂಕಿನಾಗ ಐತಿ. ಗ್ವಾಡಿಗೆ ಮೊಳಿ ಹೊಡೀಬ್ಯಾಡ್ರಿ ಅಂತಾರ ಮಾಲಕರು, ಗ್ವಾಡಿ ಅವ್ರದು, ತಪ್ಪಲ್ಲ. ನನ್ನ ಗ್ವಾಡಿಗೆ ನಾ ಒಂದು ಮೊಳಿ ಹೊಡೀಬೇಕ್ರಿ. ಅಷ್ಟ."

ಉತ್ತರ ಕೊಡುವ ಸರದಿ ನನ್ನದು. ಎದ್ದು ನಿಂತೆ. ಮೊದಲೆರಡು ಅಂಶಗಳಿಗೆ ನನ್ನ ಬಳಿ ಖಂಡನೆ ಸಿದ್ಧವಿತ್ತು, ನಾನೇ ಕಟ್ಟಿದ ಗೋಡೆಯಲ್ಲವೇ, ಎಲ್ಲಿ ಸಡಿಲ ಎಂದು ಗೊತ್ತು. ಮೊಳೆಗೆ ಏನೂ ಹೊಳೆಯಲಿಲ್ಲ. ಹೊಳೆಯದಿದ್ದಾಗ ಎದುರಾಳಿಯ ನಡತೆ ಹಿಡಿಯಬೇಕೆಂಬ ಕೆಟ್ಟ ಪಾಠವೂ ನಮಗೆ ಗೊತ್ತಿದೆ. "ಅಕ್ಕ, ನಮ್ಮ ಅರ್ಜಿಗೆ ಮೊದಲ್ನೇ ಸಹಿ ನಿಂದೇ ಐತಲ್ಲ" ಎಂದೆ.

"ಹೌದಪ್ಪ, ಮಾಡೀನಿ. ನೀ ಕಾಗದ ಹಿಡಕೊಂಡು ಬಂದಾಗ ನಿನ್ನ ಹಿಂದ ನಮ್ಮ ಮನಿ ಮಾಲಕರು ನಿಂತಿದ್ರು."

ಕಾಕಾ ಶಾಮಿಯಾನದ ಕಂಬ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸತೊಡಗಿದರು. ನನ್ನ ಕೈಯಲ್ಲಿದ್ದ ಸಹಿಗಳ ಹಾಳೆಗಳನ್ನು ಒಂದೊಂದಾಗಿ ನೋಡಿದೆ. ಎಲ್ಲ ಬಾಗಿಲಿಗೂ ಕಾಕಾ ನನ್ನ ಹಿಂದೆಯೇ ನಿಂತಿದ್ದರು. ನನ್ನ ಮಾತಿಗೆ ಇಷ್ಟು ಜನ ಒಪ್ಪಿದ್ದಾರೆ ಎಂದು ಬೀಗಿದವನು, ಒಮ್ಮೆಯೂ ಹಿಂದೆ ತಿರುಗಿ ನೋಡಿರಲಿಲ್ಲ. ಕುರ್ಚಿ ಅಲ್ಲಿಯೇ ಇತ್ತು, ಕುಳಿತೆ. ವೇಳೆ ಮುಗಿಯಿತೆಂದು ಗಂಟೆ ಬಾರಿಸುವ ಮೊದಲೇ ನಾನು ಕುಳಿತದ್ದು ಅದೇ ಮೊದಲು.

ಸಭೆ ಅಂದೇ ಎಲ್ಲವನ್ನೂ ಬಗೆಹರಿಸಲಿಲ್ಲ. ಕಾಲುವೆ ಕಡೆಯ ಅರ್ಧ ಭತ್ತಕ್ಕೆ ಇರಲಿ, ರಸ್ತೆ ಕಡೆಯ ಅರ್ಧ ಸೈಟಿಗೆ, ಮನೆಯಿಲ್ಲದವರು ಅರ್ಜಿ ಕೊಡಲಿ, ಹಂಚುವಾಗ ಎಲ್ಲರೆದುರಿಗೆ ಚೀಟಿ ಎತ್ತೋಣ ಎಂದು ನಡಾವಳಿ ಬರೆದು ಮೇಲಿನವರಿಗೆ ಕಳಿಸಿದರು. ಮೇಲಿನವರು ಇನ್ನೂ ಓದುತ್ತಿದ್ದಾರೆ. ನಮ್ಮ ಮನೆಯ ಎದುರಿಗಿರುವುದು ರಸ್ತೆ ಕಡೆಯ ಅರ್ಧ. ಚೀಟಿ ಎತ್ತುವ ಮಾತು ಯಾರು ತೆಗೆದರು ಎಂದು ಅಪ್ಪ ಒಂದೆರಡು ಸಲ ಕೇಳಿದ. ನಾನು ಗೂಡಿನ ಕಪ್ಪುಗಳ ಧೂಳು ಒರೆಸತೊಡಗಿದೆ.

ಮರುವಾರ ನಿಂಗಮ್ಮಕ್ಕ ಅಕ್ಕಿ ಹಸನು ಮಾಡಲು ಬಂದವಳು ಸೆರಗಿನಿಂದ ಮಡಚಿದ ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟಳು. ಸೈಟಿಗೆ ಅರ್ಜಿ ಬರೆದುಕೊಡಬೇಕು. ಊರಲ್ಲಿ ಬರೆಯುವವರು ಬೇರೆ ಇಲ್ಲವೇ ಎಂದು ಕೇಳಿದೆ. ಇದ್ದಾರೆ, ಆದರೆ ನಿನ್ನಷ್ಟು ಚೆನ್ನಾಗಿ ಯಾರೂ ಹೇಳುವುದಿಲ್ಲ ಎಂದಳು. ಅವಳ ಮುಖದಲ್ಲಿ ವ್ಯಂಗ್ಯ ಹುಡುಕಿದೆ, ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಮುಖವಷ್ಟೇ ಇತ್ತು. "ಒಂದ ಕಡೀಗಷ್ಟ ಬರಿ ತಮ್ಮ" ಎಂದು ಮಾತ್ರ ಸೇರಿಸಿದಳು.

ಬರೆದೆ. ಮೊಳೆಯ ವಿಷಯವನ್ನೂ ಬರೆದೆ, ನಾನು ಬರೆದ ಅರ್ಜಿಗಳಲ್ಲಿ ಅದು ಒಳ್ಳೆಯದೆಂದು ಈಗಲೂ ಅನ್ನಿಸುತ್ತದೆ. ಕೊನೆಯ ಚುಕ್ಕೆ ಇಟ್ಟದ್ದೇ ತಡ, ಕೈ ತಾನಾಗಿ ಹಾಳೆಯನ್ನು ಮಗುಚಿ, ಖಾಲಿ ಬೆನ್ನಿನ ಮೇಲೆ 'ಆದರೆ' ಎಂದು ಬರೆದುಬಿಟ್ಟಿತ್ತು. ನಿಂಗಮ್ಮಕ್ಕ ಮೊರ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಅವ್ವ ಒಳಗಿನಿಂದ ಇನ್ನೊಂದು ಬಿಳಿ ಹಾಳೆ ತಂದುಕೊಟ್ಟು, ನಾನು ಅರ್ಜಿಯನ್ನು ಮತ್ತೆ ಬರೆದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಳು. ಮುಗಿದ ಕೂಡಲೇ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು.