ಹಸಿರು ಕಾರಿನೊಳಗೆ ಎರಡು ಗೂಡು

ವಯಸ್ಸಾದ ಹೆಂಗಸಿಗೆ ಏನೇನು ಇಷ್ಟವಾಗಬೇಕು ಎಂಬುದನ್ನು ಊರಿನವರು ಮೊದಲೇ ತೀರ್ಮಾನಿಸಿಟ್ಟಿರುತ್ತಾರೆ. ದೇವರನಾಮ, ಎಲೆಯಡಿಕೆ, ಮಂಡಿನೋವಿನ ಎಣ್ಣೆ, ಪಕ್ಕದ ಮನೆಯ ಸುದ್ದಿ. ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಯಾರೂ ಯಾಕೆಂದು ಕೇಳುವುದಿಲ್ಲ. ನನ್ನ ಗ್ರಹಚಾರ ನೋಡಿ ಮಕ್ಕಳೇ, ನನಗೆ ಇಷ್ಟವಾದದ್ದು ಹಿಂದಿನ ಕಾಲದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರುಗಳ ಚರಿತ್ರೆಯ ಪುಸ್ತಕಗಳು. ಆ ಕಾರನ್ನೇ ತಂದು ಬಾಗಿಲಲ್ಲಿ ನಿಲ್ಲಿಸಿದರೂ ನಾನು ಹತ್ತುವವಳಲ್ಲ. ನಮ್ಮೂರು ಹುತ್ತೂರಿನಿಂದ ಕೋಲಾರಕ್ಕೆ ಬಸ್ಸಿನಲ್ಲಿ ಹೋಗುವಷ್ಟರಲ್ಲೇ ನನಗೆ ಹೊಟ್ಟೆ ತೊಳಸುತ್ತದೆ. ನಿಮ್ಮ ತಾತ ಇದ್ದಾಗ ಅವರ ಮೊಪೆಡ್ಡಿನ ಹಿಂದೆ ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದೆ. ಆದರೆ ಪುಸ್ತಕದೊಳಗಿನ ಕಾರು ಅಲ್ಲಾಡುವುದಿಲ್ಲ, ಹಾರನ್ ಹೊಡೆಯುವುದಿಲ್ಲ. ನನ್ನಂಥವಳಿಗೆ ಅದೇ ಸರಿ.

ಈ ಹುಚ್ಚು ನನಗೆ ಹಿಡಿದದ್ದು ಹಲ್ಲಿನಿಂದ. ಇದ್ದಬದ್ದ ಹಲ್ಲುಗಳನ್ನೆಲ್ಲ ತೆಗೆಸಿ ಸೆಟ್ಟು ಕಟ್ಟಿಸಲು ಕೋಲಾರದ ಒಬ್ಬ ಹಲ್ಲಿನ ಡಾಕ್ಟರ ಬಳಿ ಓಡಾಡುತ್ತಿದ್ದೆ. ಬೇರೆ ಡಾಕ್ಟರುಗಳು ಕಾಯುವವರಿಗೆಂದು ಹರಿದ ವಾರಪತ್ರಿಕೆ ಇಟ್ಟಿದ್ದರೆ, ಈ ಪುಣ್ಯಾತ್ಮರು ತಮ್ಮ ಕಾರಿನ ಪುಸ್ತಕಗಳನ್ನು ಗಾಜಿನ ಬೀರುವಿನಲ್ಲಿಟ್ಟು, ಒಂದೆರಡನ್ನು ಮೇಜಿನ ಮೇಲೆ ಹರಡಿದ್ದರು. ನಾನು ಮೊದಲೇ ಸಂಕೋಚದವಳು. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದಾಗ ನನ್ನ ಪರವಾಗಿ ಪಕ್ಕದ ಹುಡುಗಿ ಓಗೊಡುತ್ತಿದ್ದಳು. ಈಗ ಬಾಯಲ್ಲಿ ಹಲ್ಲೂ ಇಲ್ಲ. ಬೆಂಚಿನಲ್ಲಿ ಪಕ್ಕ ಕೂತವರು ಮಾತಿಗೆಳೆದರೆ ಸೆರಗು ಬಾಯಿಗೆ ಹಿಡಿದು ಎಷ್ಟು ಹೊತ್ತು ತಲೆಯಾಡಿಸುವುದು? ಅದಕ್ಕೇ ಒಂದು ಪುಸ್ತಕ ತೆಗೆದು ತೊಡೆಯ ಮೇಲೆ ಹಾಕಿಕೊಂಡೆ. ತೆರೆದರೆ, ಎಳೆಯ ಹಿಪ್ಪುನೇರಳೆ ಸೊಪ್ಪಿನ ಬಣ್ಣದ ಕಾರು! ಉದ್ದ ಮೂತಿ, ಮೂತಿಯ ಮೇಲೆ ಎತ್ತಿಗೆ ಬಿಗಿದಂತೆ ಚರ್ಮದ ಪಟ್ಟಿ, ತಂತಿ ಕಡ್ಡಿಗಳ ಚಕ್ರ. ಒಳಗಿನಿಂದ ಮೂರು ಸಲ ಕರೆದರೂ ನನಗೆ ಕೇಳಿಸಲಿಲ್ಲವಂತೆ.

ಇಂಗ್ಲಿಷು ನನಗೆ ಬಾರದು. ಅದಕ್ಕೆ ನಿಮ್ಮಲ್ಲಿ ಚೈತ್ರ ಇದ್ದಾಳಲ್ಲ, ಅವಳೇ ಗತಿಯಾದಳು. ಡಾಕ್ಟರು ನನ್ನ ಆಸೆ ಕಂಡು ಒಂದೊಂದೇ ಪುಸ್ತಕ ಮನೆಗೆ ಕೊಡತೊಡಗಿದ ಮೇಲೆ ಅವಳು ಓದಿ ಕನ್ನಡದಲ್ಲಿ ಹೇಳುವುದು, ನಾನು ಅವರೆಕಾಯಿ ಸುಲಿಯುತ್ತಾ ಕೇಳುವುದು. ಮೊದಲ ದಿನವೇ ನನಗೊಂದು ಅನುಮಾನ ಬಂತು.

"ಅಲ್ಲ ಕಣೇ, ಆ ದೇಶದಲ್ಲಿ ವರ್ಷಪೂರ್ತಿ ಮಳೆ ಅಂತೀಯ. ಅಲ್ಲಿ ಯಾಕೆ ಚಾವಣಿ ಇಲ್ಲದ ಕಾರು ಮಾಡಿದ್ರು? ನಮ್ಮೂರಲ್ಲಿ ಮೋಡಾನೇ ಇಲ್ಲ, ಎಲ್ಲಾ ಕಾರಿಗೂ ಚಾವಣಿ!"

"ಸುಮ್ನೆ ಕೇಳಜ್ಜಿ, ಅದೆಲ್ಲ ಪುಸ್ತಕದಲ್ಲಿ ಬರೆದಿಲ್ಲ" ಎಂದಳು.

ಬರೆದಿದ್ದೆಲ್ಲ ನನಗೆ ಗೊತ್ತಿದ್ದ ಕಥೆಯೇ. ಅಣ್ಣತಮ್ಮಂದಿರು ಸೇರಿ ಒಂದು ಶೆಡ್ಡಿನಲ್ಲಿ ಶುರು ಮಾಡುವುದು, ಹೆಸರು ಬರುವುದು, ಹೆಸರು ಬಂದ ಮೇಲೆ ಮಾತು ಬಿಡುವುದು. ಆಮೇಲೆ ಒಬ್ಬರ ಕಂಪನಿಯನ್ನು ಇನ್ನೊಬ್ಬರು ಕೊಂಡು ಎಲ್ಲರೂ ಒಂದೇ ಸೂರಿನಡಿ ಬಂದು, ಒಂದೇ ಅಡುಗೆಮನೆಯಲ್ಲಿ ನಾಲ್ಕು ಓರಗಿತ್ತಿಯರಂತೆ ಮುಸುಡಿ ತಿರುಗಿಸುವುದು. ಕೊನೆಗೆ ಪರದೇಶದವರು ಬಂದು ಹೆಸರನ್ನಷ್ಟೇ ಕೊಂಡು ಹೋಗುವುದು. ಶ್ರೀನಿವಾಸಪುರದ ನನ್ನ ತವರಿನ ಮಾವಿನ ತೋಪಿನ ಕಥೆಯೂ ಇದೇ. ಅದನ್ನು ಯಾರೂ ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸಲಿಲ್ಲ, ಅಷ್ಟೇ.

ಹೀಗೆ ಸುಖವಾಗಿದ್ದೆ. ಮೇಲಿನ ಸೆಟ್ಟಿನ ಅಳತೆ ಕೊಟ್ಟ ದಿನ ಡಾಕ್ಟರು ಆ ಹಸಿರು ಕಾರಿನ ಪುಸ್ತಕವನ್ನೇ ಕೈಗಿಟ್ಟು, "ಅಮ್ಮಾ, ಇದು ಈಗ ಎಲ್ಲೂ ಸಿಗಲ್ಲ. ನಿಮ್ಮ ಮೇಲೆ ನಂಬಿಕೆಯಿಟ್ಟು ಕೊಡ್ತಿದ್ದೀನಿ, ಮುಂದಿನ ಸಲ ಬರುವಾಗ ಮರೀದೆ ತನ್ನಿ" ಎಂದರು. ಮಗುವನ್ನು ಹೊತ್ತಂತೆ ಎದೆಗವಚಿಕೊಂಡು ತಂದೆ.

ನಮ್ಮ ಮನೆಯ ರೇಷ್ಮೆ ಹುಳದ ಶೆಡ್ಡಿನ ಕಾನೂನು ನಿಮಗೆ ಗೊತ್ತೇ ಇದೆ. ಚೈತ್ರಳ ಅಮ್ಮ, ನನ್ನ ಸೊಸೆ ರತ್ನ, ಅಲ್ಲಿನ ಯಜಮಾನಿ. ಬ್ಲೀಚಿಂಗ್ ಪುಡಿ ನೀರಲ್ಲಿ ಕಾಲು ಅದ್ದದೆ ಅವಳ ಗಂಡನನ್ನೂ ಒಳಗೆ ಬಿಡುವುದಿಲ್ಲ. ಹುಳ ಹಣ್ಣಾಗುವ ದಿನವಂತೂ ಮನೆಯಲ್ಲಿ ಯಾರಿಗೂ ಕೂರಲು ಪುರುಸೊತ್ತಿಲ್ಲ. ಸೊಪ್ಪು ಬಿಟ್ಟು ತಲೆಯೆತ್ತಿ, ಮೈಯೆಲ್ಲ ಗಾಜಿನಂತೆ ಮಿನುಗುವ ಹುಳವನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು, ತಡವಾದರೆ ಅದು ಸಿಕ್ಕಿದ ಕಡೆ ಗೂಡು ಕಟ್ಟುತ್ತದೆ. ಆರಿಸುವ ಕೆಲಸ ನನ್ನದು. ಮಧ್ಯೆ ಬಿಡುವಾದಾಗ ನೋಡೋಣವೆಂದು ಪುಸ್ತಕವನ್ನು ಸೆರಗಿನೊಳಗೆ ಅಡಗಿಸಿ ಒಳಗೆ ಒಯ್ದೆ. ಬಿಡುವು ಸಿಗಲಿಲ್ಲ. ಅರ್ಧ ತೆರೆದ ಪುಸ್ತಕವನ್ನು ಹುಳದ ತಟ್ಟೆಯ ಪಕ್ಕ ನಿಲ್ಲಿಸಿದವಳು, ಸೊಂಟ ಹಿಡಿದುಕೊಂಡು ಎದ್ದು ಹೋಗುವಾಗ ಅದನ್ನು ಮರೆತೇಬಿಟ್ಟೆ.

ಬೆಳಿಗ್ಗೆ ರತ್ನ ಕೂಗಿದಳು. "ಅತ್ತೇ! ಇಲ್ಲಿ ಬನ್ನಿ, ನಿಮ್ ಕಾರಿಗೆ ಯಾರೋ ಹತ್ತವ್ರೆ!"

ಹೋಗಿ ನೋಡಿದೆ. ಎರಡು ಹುಳಗಳು ಪುಸ್ತಕದ ಮಡಿಲಲ್ಲಿ, ಸರಿಯಾಗಿ ಆ ಹಸಿರು ಕಾರಿನ ಎರಡು ಸೀಟುಗಳ ಮೇಲೆ, ಈ ಪುಟದಿಂದ ಆ ಪುಟಕ್ಕೆ ಎಳೆ ಹಾಕಿಕೊಂಡು ಹಳದಿ ಗೂಡು ಕಟ್ಟುತ್ತಿದ್ದವು. ಆ ಇಂಗ್ಲೆಂಡಿನವರು ಹಾಕದ ಚಾವಣಿಯನ್ನು ನಮ್ಮ ಹುಳಗಳು ಹಾಕಿದ್ದವು.

"ಕಿತ್ತಾಕ್ಲಾ?" ಎಂದಳು ರತ್ನ, ಕೈ ಮಾತ್ರ ಮುಂದೆ ಬರಲಿಲ್ಲ.

"ಬೇಡ ಕಣೇ, ನೂಲು ಬಿಡೋ ಹುಳದ ಮೇಲೆ ಕೈ ಹಾಕ್ಬಾರ್ದು."

"ಅದು ನಂಗೂ ಗೊತ್ತು. ಪುಸ್ತಕಾನ ಇಲ್ಲಿಗೆ ತರ್ಬಾರ್ದು ಅಂತ ನಿಮಗೆ ಗೊತ್ತಿರ್ಲಿಲ್ವಾ? ಕಾಲಾದ್ರೂ ತೊಳೆದಿತ್ತಾ ಅದು?"

ನಾನು ಡಾಕ್ಟರ ಬಳಿ ಹೋಗಬೇಕಾದದ್ದು ಮಾರನೆಯ ದಿನವೇ. ಗೂಡು ಬಿಡಿಸುವ ಹದ ಇನ್ನೂ ದೂರವಿತ್ತು. ಅವರು ಕೋಪಿಸಿಕೊಂಡರೆ ಆ ಗಾಜಿನ ಬೀರು ನನಗೆ ಶಾಶ್ವತವಾಗಿ ಮುಚ್ಚಿದಂತೆ. ಅದಕ್ಕಿಂತ ಭಯವೆಂದರೆ, ನನ್ನ ಹಲ್ಲಿನ ಎರಡು ಸೆಟ್ಟೂ ಇನ್ನೂ ಅವರ ಕೈಯಲ್ಲೇ ಇದ್ದವು.

ಬಸ್ಸಿನಲ್ಲಿ ಪುಸ್ತಕವನ್ನು ಅರ್ಧ ತೆರೆದು ತೊಡೆಯ ಮೇಲೆ ನಿಲ್ಲಿಸಿಕೊಂಡು, ಮೇಲೆ ಟವೆಲ್ ಹೊದಿಸಿ ಕೂತೆ. ಕಂಡಕ್ಟರ್, "ಏನಮ್ಮಾ ಅದು, ಕೋಳೀನಾ? ಕೋಳಿಗೂ ಟಿಕೆಟ್ ತಗೋಬೇಕು" ಎಂದ. ಪಕ್ಕದ ಹೆಂಗಸು ಟವೆಲ್ ಸರಿಸಿ ಬಗ್ಗಿ ನೋಡಿ, "ಅಯ್ಯೋ, ಪಟ್ಟು ಪುರುಗು!" ಎಂದು ತೆಲುಗಿನಲ್ಲಿ ಕೂಗಿದಳು. ರೇಷ್ಮೆ ಹುಳವೆಂದು ತಿಳಿದ ಮೇಲೆ ನಮ್ಮ ಕಡೆಯ ಬಸ್ಸಿನಲ್ಲಿ ಗದರುವವರು ಯಾರು? ಹಿಂದಿನವರು ಕಿಟಕಿ ಮುಚ್ಚಿದರು. ಕಂಡಕ್ಟರೇ ಡ್ರೈವರಿಗೆ, "ರೋಡ್ ಹಂಪಲ್ಲಿ ನಿಧಾನ ಕಣೋ, ಒಳಗೆ ಹುಳ ನೂಲು ಬಿಡ್ತಾ ಐತೆ" ಎಂದು ಕೂಗಿ ಹೇಳಿದ. ಜೀವನದಲ್ಲಿ ಅಂದೊಂದು ದಿನ ನನ್ನ ಹೊಟ್ಟೆ ತೊಳಸಲಿಲ್ಲ.

ಡಾಕ್ಟರು ಪುಸ್ತಕ ನೋಡಿದರು. ಮುಖ ಸಣ್ಣದಾಯಿತು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತೆ, ಭೂಮಿಯೂ ಬಾಯಿ ಬಿಡಲಿಲ್ಲ. ಆಮೇಲೆ ಅವರು ಪುಸ್ತಕವನ್ನು ಹಲ್ಲು ಕೀಳುವ ಕುರ್ಚಿಯ ಮೇಲೆ ಮೆಲ್ಲಗೆ ನಿಲ್ಲಿಸಿ, ಮೇಲಿನ ದೀಪ ಹಾಕಿ, ನಮ್ಮ ಬಾಯಿಗೆ ಹಿಡಿಯುವ ಆ ಪುಟ್ಟ ಕನ್ನಡಿಯನ್ನು ಗೂಡಿನ ಹಿಂದೆ ಹಿಡಿದರು.

"ಅಮ್ಮಾ, ಒಳಗೆ ಅಲ್ಲಾಡ್ತಿದೆ!"

"ಇನ್ನೂ ನೂಲು ಬಿಡ್ತಾ ಇದೆ ಸಾರ್."

"ಬಾಯಿಂದಾನಾ?"

"ಬಾಯಿಂದಾನೇ."

"ಹಲ್ಲಿದೆಯಾ ಅದಕ್ಕೆ?"

"ಹಗಲೂ ರಾತ್ರಿ ಸೊಪ್ಪು ತಿನ್ನುತ್ತೆ ಸಾರ್. ನನ್ನ ಥರ ಗಂಜಿ ಕುಡಿಯೋ ಜಾತಿ ಅಲ್ಲ."

ಡಾಕ್ಟರು ನಕ್ಕರು. ನಾನೂ ನಕ್ಕೆ, ಸೆರಗಿಲ್ಲದೆ. ರೇಷ್ಮೆಯ ಸೀಮೆಯಲ್ಲೇ ಇದ್ದರೂ ಅವರು ಅದುವರೆಗೆ ಗೂಡು ಕಟ್ಟುವುದನ್ನು ಕಂಡಿರಲಿಲ್ಲವಂತೆ. ಪುಸ್ತಕವನ್ನು ಗಾಜಿನ ಬೀರುವಿನಲ್ಲಿ ಹಾಗೇ ನಿಲ್ಲಿಸಿದರು. ಹದ ಬಂದಾಗ ಬಿಡಿಸಿಬಿಡಿ ಎಂದು ಹೇಳಿ ಬಂದೆ. ಅವರು ಬಿಡಿಸಲಿಲ್ಲ.

ಮತ್ತೆ ಹೋದಾಗ ಬೆಂಚಿನವರೆಲ್ಲ ಹಲ್ಲುನೋವು ಮರೆತು ಬೀರುವಿನ ಮುಂದೆ ಬಗ್ಗಿ ನಿಂತಿದ್ದರು. ಚಿಟ್ಟೆಗಳು ಗೂಡು ತೂತು ಮಾಡಿ ಹೊರಬಂದಿದ್ದವು, ಒಂದು ಗಂಡು, ಒಂದು ಹೆಣ್ಣು. ನಮ್ಮ ಮನೆಯಲ್ಲಿ ಗೂಡು ಮಾರುಕಟ್ಟೆಗೆ ಹೋಗಿಬಿಡುವುದರಿಂದ ಚಿಟ್ಟೆ ಹೊರಬರುವುದನ್ನು ನಾನೂ ಕಂಡವಳಲ್ಲ. ಹಸಿರು ಕಾರಿನ ಮೂತಿಯ ತುಂಬ ಸಾಸಿವೆಯಂಥ ಮೊಟ್ಟೆಗಳು. ಇಬ್ಬರಿಗೆಂದು ಮಾಡಿದ ಕಾರಿನಲ್ಲಿ ದೊಡ್ಡ ಸಂಸಾರವೇ ಬಂದು ಕೂತಿತ್ತು.

"ಕೆರೆದು ತೆಗೆಯೋಕೆ ನನಗೆ ಮನಸ್ಸು ಬರಲ್ಲ ಅಮ್ಮ" ಎಂದರು ಡಾಕ್ಟರು. "ಇದು ಇನ್ನು ನಿಮ್ಮದೇ. ನನ್ನ ಹತ್ರ ಬಂದೋರು ದಿನಾ ಇದರ ಕಥೆ ಕೇಳ್ತಾರೆ, ಅಷ್ಟು ಸಾಕು." ಮೇಲಿನ ಸೆಟ್ಟು, ಕೆಳಗಿನ ಸೆಟ್ಟು, ಪುಸ್ತಕ ಮೂರನ್ನೂ ಒಂದೇ ದಿನ ಪಡೆದು ಬಂದೆ. ರೋಗದ ಪರೀಕ್ಷೆಯಾಗದ ಮೊಟ್ಟೆಯನ್ನು ಹುಳದ ಮನೆಗೆ ತಂದೆನೆಂದು ರತ್ನ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮೊಟ್ಟೆಯನ್ನೆಲ್ಲ ಅವಳೇ ಉಜ್ಜಿ ತೆಗೆದು ಮೇಲೆ ಸುಣ್ಣದ ಪುಡಿ ಉದುರಿಸಿದಳು. ಕಾರು ಈಗ ಮಂಜಿನಲ್ಲಿ ನಿಂತಂತಿದೆ. ಇಂಗ್ಲೆಂಡಿನದಲ್ಲವೇ, ಒಪ್ಪುತ್ತದೆ.

ಆ ಬೀರುವಿನಲ್ಲಿ ಇನ್ನೊಂದು ಪುಸ್ತಕವಿತ್ತು, ಕೆಂಪು ಕಾರಿನದು, ಇದಕ್ಕಿಂತ ದಪ್ಪ. ನಿನ್ನೆ ರತ್ನ, "ಅತ್ತೆ, ಈ ವಾರ ಹುಳ ಹಣ್ಣಾಗುತ್ತೆ, ಎಲ್ಲೂ ಹೋಗ್ಬೇಡಿ" ಎಂದಳು. ಸೆಟ್ಟು ಒಸಡಿಗೆ ಒತ್ತುತ್ತಿದೆಯೆಂದು ಹೇಳಿ ನಾನು ಕೋಲಾರಕ್ಕೆ ಹೋಗಿ ಬಂದೆ. ನೀವು ತಪ್ಪು ತಿಳಿಯಬೇಡಿ. ಆ ಪುಸ್ತಕವನ್ನು ಓದುವುದಕ್ಕೆಂದೇ ಕೇಳಿ ತಂದಿದ್ದೇನೆ. ಎಲ್ಲಿ ಕೂತು ಓದುತ್ತೀರಿ ಎಂದು ಡಾಕ್ಟರು ಕೇಳಲಿಲ್ಲ, ನಾನೂ ಹೇಳಲಿಲ್ಲ.