ಸ್ಕೇಲ್ ಸಾಹೇಬರು ಚಡ್ಡಿ ಹೊಲಿದದ್ದು

"ಒಂದು ಚಡ್ಡಿ ಹೊಲಿಯೋದೇನು ಮಹಾ! ಮೂರು ಮಹಡಿ ಕಟ್ಟಡಕ್ಕೆ ನಕ್ಷೆ ಬರೆಯೋ ಕೈ ಕಣೇ ಇದು!" ಎಂದು ಸ್ಕೇಲ್ ಸಾಹೇಬರು ಶನಿವಾರ ಬೆಳಿಗ್ಗೆ ಘೋಷಿಸಿಬಿಟ್ಟರು. ಆ ಹೆಸರು ಕಚೇರಿಯವರು ಇಟ್ಟದ್ದು. ಕೂದಲೆಳೆಯಷ್ಟು ಸೊಟ್ಟ ಗೆರೆ ಕಂಡರೂ ಅವರಿಗೆ ಅಂದು ಊಟ ಸೇರುತ್ತಿರಲಿಲ್ಲ.

ಅವರ ಹೆಂಡತಿ ಬೀದಿಗೆಲ್ಲ ಟೈಲರಮ್ಮ. ಮುಂದಿನ ಕೋಣೆಯೇ ಅಂಗಡಿ. "ನನಗೆ ಉಸಿರಾಡೋಕೂ ಪುರುಸೊತ್ತಿಲ್ಲ. ನಿಮ್ಮ ಸರದಿ ಬರೋ ಹೊತ್ತಿಗೆ ಬೇಸಿಗೆ ಮುಗಿದಿರುತ್ತೆ" ಎಂದರು ಆಕೆ.

ಚಡ್ಡಿ ಬೇಕಿದ್ದದ್ದು ಮರುದಿನಕ್ಕೆ! ಬೀಗರು ಎಲ್ಲರನ್ನೂ ಸಮುದ್ರಕ್ಕೆ ಕರೆದಿದ್ದರು. ಮಗಳು ಊರೆಲ್ಲ ಹುಡುಕಿ ತೆಳು ನೀಲಿ ಬಟ್ಟೆ ತಂದುಕೊಟ್ಟು, "ಅಪ್ಪಾ, ನಮ್ಮ ಮಾವನೇ ಚಡ್ಡೀಲಿ ಬರ್ತಾರೆ. ನೀವು ಮರಳಲ್ಲಿ ಆಫೀಸ್ ಪ್ಯಾಂಟ್ ಎಳ್ಕೊಂಡು ಓಡಾಡಿ ನನ್ನ ಮಾನ ಕಳೀಬೇಡಿ" ಎಂದು ಹೇಳಿ ಹೋಗಿದ್ದಳು.

ಸಾಹೇಬರು ಹೆಂಡತಿಯ ಕಪಾಟಿನಿಂದ ತಮ್ಮ ಪ್ಯಾಂಟಿನ ಅಳತೆಗೆ ಕತ್ತರಿಸಿಟ್ಟ ಕಾಗದದ ಪ್ಯಾಟರ್ನ್ ತೆಗೆದು ಮೇಜಿನ ಮೇಲೆ ಹರಡಿದರು. ಮಂಡಿಯ ಗುರುತಿಗೆ ಕತ್ತರಿಸಿದರೆ ಆಯಿತು, ಪ್ಯಾಂಟು ಹೋಗಿ ಚಡ್ಡಿ! ಆದರೆ ಕತ್ತರಿಸುವ ಮುನ್ನ ಸ್ಕೇಲು ಇಟ್ಟು ನೋಡಿದರು. ಸೊಂಟದಿಂದ ಮಂಡಿಯವರೆಗೆ ಎಡಗಾಲಿನ ಕಾಗದ ಬಲಗಾಲಿಗಿಂತ ಒಂದಿಂಚು ಗಿಡ್ಡ!

'ಪಾಪ, ಇಪ್ಪತ್ತೈದು ವರ್ಷ ಮಷೀನ್ ತುಳಿದರೂ ಎರಡು ಕಾಲು ಸಮ ಮಾಡೋಕೆ ಬರಲಿಲ್ಲ!' ಎಂದು ಮರುಗಿ, ಎಡಗಾಲಿಗೆ ಒಂದಿಂಚು ಪಟ್ಟಿ ಅಂಟಿಸಿ, ತಪ್ಪನ್ನು ತಿದ್ದಿಯೇ ಬಟ್ಟೆ ಕತ್ತರಿಸಿದರು. ಒಳಕೋಣೆಯ ಹಳೆ ಮಷೀನಿನಲ್ಲಿ ಬೆರಳಿಗೆ ನಾಲ್ಕು ಸಲ ಸೂಜಿ ಚುಚ್ಚಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಹೊಲಿದೂಬಿಟ್ಟರು. ಅಂಚು ಮಡಚುವುದೊಂದೇ ಬಾಕಿ.

ತೊಟ್ಟು ಕನ್ನಡಿಯ ಮುಂದೆ ನಿಂತರೆ, ಚಡ್ಡಿಯ ಎಡಗಾಲು ಒಂದಿಂಚು ಕೆಳಗೆ ಜೋತಿದೆ!

ಎಡಗಾಲು ಕತ್ತರಿಸಿದರು. ಬಿಚ್ಚಿ ಮೇಜಿನ ಮೇಲಿಟ್ಟು ಅಳೆದರು. ಅಲ್ಲಿ ಎಡಗಾಲು ಗಿಡ್ಡ! ಬಲಗಾಲು ಕತ್ತರಿಸಿದರು. ತೊಟ್ಟರು. ಎಡಗಾಲು ಮತ್ತೆ ಉದ್ದ! ಮೇಜು ಒಂದು ಹೇಳುತ್ತದೆ, ಕನ್ನಡಿ ಇನ್ನೊಂದು ಹೇಳುತ್ತದೆ. ಕನ್ನಡಿಯೇ ವಾಲಿದೆಯೆಂದು ಮೊಳೆ ಕಿತ್ತು ಬೇರೆ ಗೋಡೆಗೆ ಹೊಡೆದರು. ನೆಲವೇ ಇಳಿಜಾರೆಂದು ತಟ್ಟೆಯಲ್ಲಿ ನೀರಿಟ್ಟು ನೋಡಿದರು. ನೀರು ನೆಟ್ಟಗಿತ್ತು. ಮತ್ತೆ ಕತ್ತರಿ, ಮತ್ತೆ ಸ್ಕೇಲು. ಮಂಡಿಯಲ್ಲಿದ್ದ ಚಡ್ಡಿ ತೊಡೆಗೆ ಬಂತು, ತೊಡೆಯಿಂದ ಇನ್ನೂ ಮೇಲಕ್ಕೆ ಹೊರಟಿತು. ಜೇಬುಗಳು ಕೆಳಗಿನಿಂದ ನಾಲಿಗೆ ಚಾಚಿದವು.

ಸಾಹೇಬರಿಗೆ ನಿಜಕ್ಕೂ ಅಳು ಬಂತು. ಮಗಳು ಹುಡುಕಿ ತಂದ ಬಟ್ಟೆ ನೆಲದ ಮೇಲೆ ಪಟ್ಟಿಪಟ್ಟಿಯಾಗಿ ಬಿದ್ದಿತ್ತು. ನಾಳೆ ಬೀಗರಿಗೆ ಏನು ಮುಖ ತೋರಿಸುವುದು? ಮುಖವಾದರೂ ಹೇಗೋ ತೋರಿಸಬಹುದು, ಇದನ್ನು ತೋರಿಸುವುದು ಹೇಗೆ!

ನೂಲಿನ ಉಂಡೆ ಹುಡುಕಿಕೊಂಡು ಬಂದ ಟೈಲರಮ್ಮ ಬಾಗಿಲಲ್ಲೇ ನಿಂತರು.

"ಏನ್ರೀ ಇದು ಅವತಾರ?"

"ಎಷ್ಟು ಕತ್ತರಿಸಿದರೂ ಸಮ ಆಗ್ತಾ ಇಲ್ಲ ಕಣೇ!"

"ಪ್ಯಾಟರ್ನಲ್ಲಿ ಎಡಗಾಲು ಒಂದಿಂಚು ಗಿಡ್ಡ ಇತ್ತಲ್ಲ?"

"ಹೂಂ, ನಿನ್ನ ತಪ್ಪು. ನಾನೇ ಸರಿ ಮಾಡ್ದೆ."

ಟೈಲರಮ್ಮ ಹಣೆ ಚಚ್ಚಿಕೊಂಡರು. "ತಪ್ಪು ನಂದಲ್ಲ, ನಿಮ್ಮ ಅಮ್ಮಂದು! ನಿಮ್ಮ ಎಡಗಾಲೇ ಒಂದಿಂಚು ಗಿಡ್ಡ. ಮದುವೆಯಾದ ವರ್ಷ ಅಳತೆ ತಗೊಂಡಾಗಲೇ ಗೊತ್ತಾಯ್ತು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ ಹೊಲಿದು ಹೊಲಿದು ಮುಚ್ಚಿಟ್ಟಿದ್ದೀನಿ!"

ಸಾಹೇಬರು ಕುರ್ಚಿಯಲ್ಲಿ ಕೂತು ಎರಡೂ ಕಾಲು ಮುಂದಕ್ಕೆ ಚಾಚಿ ನೋಡಿದರು. ಊರಿನ ಗೆರೆಗಳನ್ನೆಲ್ಲ ತಿದ್ದಿದ ತಾವೇ ಸೊಟ್ಟ! ಕತ್ತರಿ ಹಿಡಿದುಕೊಂಡೇ ಸಣ್ಣ ದನಿಯಲ್ಲಿ ಕೇಳಿದರು:

"ನನಗೆ ಒಂದು ಮಾತು ಹೇಳಬಾರದಿತ್ತೇನೇ?"

ಟೈಲರಮ್ಮ ಅವರ ಕೈಯಿಂದ ಕತ್ತರಿ ಕಿತ್ತುಕೊಂಡರು.

"ಹೇಳಿದ್ದಿದ್ರೆ ಅವತ್ತೇ ಬಲಗಾಲಿಗೆ ಕತ್ತರಿ ಇಡ್ತಿದ್ರಿ!"